ಹೊಗೆ ನೋಡುವ ಹಾವು, ಹಾವು ನೋಡುವ ದೇವೀರಮ್ಮ

ಈಗಿನ ರಸ್ತೆ, ಈಗಿನ ಕೆರೆ ಯಾವುದೂ ಇಲ್ಲದ ಕಾಲವಂತೆ. ಗುಡ್ಡದ ಬುಡದಲ್ಲಿ ಒಂದು ಊರು, ಆ ಊರಲ್ಲಿ ದೇವೀರಮ್ಮ ಅಂತ ಒಬ್ಬ ಹೆಂಗಸು. ಹಾವು ಕಂಡರೆ ಬೇರೆಯವರು ದೊಣ್ಣೆ ಹುಡುಕುತ್ತಿದ್ದರಂತೆ, ಇವಳು ಕೂರೋಕೆ ಕಲ್ಲು ಹುಡುಕುತ್ತಿದ್ದಳಂತೆ. ಹಿಡಿಯೋದಿಲ್ಲ, ಹೊಡೆಯೋದಿಲ್ಲ, ಕೈ ಮುಗಿಯೋದೂ ಇಲ್ಲ. ಏನು ತಿನ್ನುತ್ತೆ, ಎಲ್ಲಿ ಮಲಗುತ್ತೆ, ಪೊರೆ ಯಾವಾಗ ಬಿಡುತ್ತೆ ಅಂತ ಸುಮ್ಮನೆ ನೋಡೋದು. ಸಂಜೆ ಮನೆಗೆ ಬಂದರೆ ಒಲೆ ತಣ್ಣಗಿರುತ್ತಿತ್ತಂತೆ, ಗಂಡ ಬಿಸಿಯಾಗಿರುತ್ತಿದ್ದನಂತೆ.

ಒಂದು ಸಲ ಹೆಬ್ಬಾವನ್ನು ಮರದ ದಿಮ್ಮಿ ಅಂದುಕೊಂಡು ಒರಗಿ ನಿದ್ದೆ ಹೋದಳಂತೆ. ಇದನ್ನು ನಾನು ನಂಬೋದಿಲ್ಲ. ಅವಳು ಗೊತ್ತಿದ್ದೇ ಒರಗಿರಬೇಕು. ಇನ್ನೊಂದು ಸಲ ಹಳ್ಳದ ದಂಡೆಯಲ್ಲಿ ಕಲ್ಲೆತ್ತಿದರೆ, ಎರೆಹುಳದಂಥ ಕಾಲಿಲ್ಲದ ಜೀವವೊಂದು ಮೊಟ್ಟೆಗಳ ಸುತ್ತ ಸುತ್ತಿಕೊಂಡು ಕಾಯುತ್ತಿತ್ತಂತೆ. ಇದು ಹುಳವೂ ಅಲ್ಲ, ಹಾವೂ ಅಲ್ಲ, ಕಪ್ಪೆಯ ನೆಂಟ ಅಂದಳಂತೆ. ಊರಿಗೆ ಊರೇ ನಕ್ಕಿತಂತೆ. ಈಗ ಓದಿದವರೂ ಅದನ್ನೇ ಹೇಳುತ್ತಾರೆ.

ಆ ಸೀಮೆಯಲ್ಲಿ ಕೊಂಬೇರಿ ಮೂರ್ಖ ಅಂತ ಒಂದು ಹಾವು. ಕಚ್ಚಿದ ಮೇಲೆ ಅದು ಮರದ ತುದಿಗೇರಿ, ಕಚ್ಚಿಸಿಕೊಂಡವರ ಚಿತೆಯ ಹೊಗೆ ನೋಡಿದ ಮೇಲೇ ಇಳಿಯುತ್ತೆ ಅಂತ ಜನರ ನಂಬಿಕೆ. ಅದಕ್ಕೆ ಊರವರೊಂದು ಉಪಾಯ ಮಾಡಿದ್ದರಂತೆ. ಕಚ್ಚಿಸಿಕೊಂಡವರನ್ನು ಮರದ ಕೆಳಗೆ ಹೆಣದ ಹಾಗೆ ಮಲಗಿಸಿ, ಪಕ್ಕದಲ್ಲಿ ಹುಲ್ಲು ಸುಡೋದು. ಹಾವು ಮೋಸಹೋಗಿ ಇಳಿದರೆ ಜೀವ ಉಳಿಯಿತು. ಅಲ್ಲೀತನಕ ನೀರಿಲ್ಲ, ಕೂಳಿಲ್ಲ, ಮಾತಿಲ್ಲ.

ಒಂದು ಬೇಸಿಗೆ, ಚಿಕ್ಕತಾಯಿ ಅನ್ನೋ ಹಸುಗೂಸಿನ ತಾಯಿ ಹುಣಸೆ ಚಿಗುರು ಕೀಳುವಾಗ ಅವಳ ಕೈಗೆ ಹಾವು ಕಚ್ಚಿ ಮೇಲಕ್ಕೆ ಸರಿಯಿತಂತೆ. ಕೊಂಬೇರಿ ಮೂರ್ಖನೇ ಅಂದರಂತೆ ಜನ. ಅತ್ತೆ ಕೆಂಪಮ್ಮನೇ ಎದೆ ಬಡಿದುಕೊಂಡು ಸೊಸೆಯನ್ನು ಮಲಗಿಸಿದಳಂತೆ. ಪ್ರೀತಿ ಇಲ್ಲದೆ ಅಲ್ಲ, ಉಳಿಸಿಕೊಳ್ಳೋಕೆ. ಹುಲ್ಲು ಸುಟ್ಟರು, ಹಾವು ಇಳಿಯಲಿಲ್ಲ. ಇನ್ನಷ್ಟು ಸುಟ್ಟರು, ಇಳಿಯಲಿಲ್ಲ. ಬಿಸಿಲು ನೆತ್ತಿಗೆ ಬಂತು. ಆಚೆ ಕೂಸು ಕಿರುಚುತ್ತಿತ್ತು, ಈಚೆ ತಾಯಿಯ ಸೆರಗು ಹಾಲಲ್ಲಿ ನೆನೆಯುತ್ತಿತ್ತು. ಹಾಲಿಗೆ ವಿಷ ಇಳಿದಿದೆ ಅಂತ ಕೂಸನ್ನು ಹತ್ತಿರಕ್ಕೂ ಬಿಡಲಿಲ್ಲವಂತೆ.

ಸುದ್ದಿ ತಿಳಿದು ದೇವೀರಮ್ಮ ಬಂದಳಂತೆ. ಹಾವು ಹೇಗಿತ್ತು ಅಂತ ಕೇಳಿದಳಂತೆ. ಒಬ್ಬ ಕಪ್ಪು ಅಂದ, ಒಬ್ಬ ಹಸಿರು ಅಂದ, ಇನ್ನೊಬ್ಬ ತಲೆಯ ಮೇಲೆ ಜುಟ್ಟಿತ್ತು ಅಂದ. ಹೆಸರು ಎಲ್ಲರಿಗೂ ಗೊತ್ತು, ಮುಖ ಯಾರೂ ನೋಡಿಲ್ಲ. ಅದು ಯಾವುದು ಅಂತ ದೇವೀರಮ್ಮನಿಗೂ ಗೊತ್ತಿರಲಿಲ್ಲ. ವಿಷದ್ದೇ ಆಗಿರಬಹುದಿತ್ತು. ಆದರೂ ಸೀರೆ ಮೇಲಕ್ಕೆ ಕಟ್ಟಿ, ಕೆಮ್ಮುತ್ತಾ ಆ ಹೊಗೆಯಲ್ಲೇ ಮರ ಹತ್ತಿದಳಂತೆ. ಮೇಲೆ ನೋಡಿದರೆ ಕಂಚಿನ ಬಣ್ಣದ ಬೆನ್ನು, ದೊಡ್ಡ ದೊಡ್ಡ ಕಣ್ಣು. ಗುರುತು ಸಿಕ್ಕಿತು. ಗುರುತು ಸಿಕ್ಕಿದ ಮೇಲೆ ತನ್ನ ಕೈಯನ್ನೇ ಅದರ ಮುಂದೆ ಹಿಡಿದಳಂತೆ. ಕಚ್ಚಿತು.

ಇಳಿದು ಬಂದು ಆ ರಕ್ತ ತೋರಿಸಿದಳಂತೆ. "ಇದ್ಕೆ ವಿಷಾನೇ ಇಲ್ಲ ಕಣ್ರವ್ವಾ. ಅದು ಹೊಗೆ ನೋಡ್ತಾ ಕೂತಿಲ್ಲ, ನಿಮ್ಮ ಹೊಗೆಗೆ ಹೆದ್ರಿ ಕೂತದೆ. ನಾನು ಸತ್ರೆ ಇಬ್ಬರನ್ನೂ ಸೇರಿಸಿ ಒಂದೇ ಸಲ ಸುಡಿ" ಅಂದು, ಚಿಕ್ಕತಾಯಿಯ ಪಕ್ಕದಲ್ಲೇ ಕೂತುಬಿಟ್ಟಳಂತೆ.

ಕೆಂಪಮ್ಮ ಆ ಕೈಯನ್ನೇ ಬಹಳ ಹೊತ್ತು ನೋಡಿದಳಂತೆ. ಆಮೇಲೆ ಎದ್ದು ಕೊಡ ಎತ್ತಿದಳಂತೆ. ಅರ್ಧ ನೀರು ಸೊಸೆಯ ಬಾಯಿಗೆ, ಅರ್ಧ ಬೆಂಕಿಗೆ. ಕೂಸನ್ನೂ ತಾನೇ ತಂದು ಮಡಿಲಿಗೆ ಹಾಕಿದಳಂತೆ. ಹೊಗೆ ತಿಳಿಯಾದ ಮೇಲೆ ಹಾವು ತನ್ನ ಪಾಡಿಗೆ ತಾನು ಇಳಿದು ಬೇಲಿ ದಾಟಿ ಹೋಯಿತಂತೆ.

ದೇವೀರಮ್ಮ ಗುಡ್ಡಕ್ಕೆ ಹೋದವಳು ವಾಪಸು ಬರಲಿಲ್ಲ ಅನ್ನೋರಿದ್ದಾರೆ. ಮುಪ್ಪಿನಲ್ಲಿ ಚಿಕ್ಕತಾಯಿಯ ಕೈತುತ್ತು ತಿಂದೇ ಕಣ್ಣು ಮುಚ್ಚಿದಳು ಅಂತ ನಮ್ಮಜ್ಜಿ ಹೇಳುತ್ತಿದ್ದಳು. ನಾನು ಅಜ್ಜಿಯ ಕಡೆ.

ಇವತ್ತಿಗೂ ಆ ಊರಲ್ಲಿ ಹಾವು ಕಚ್ಚಿಸಿಕೊಂಡವರನ್ನು ನೆಲಕ್ಕೆ ಬಿಡೋದಿಲ್ಲ, ಎತ್ತಿಕೊಂಡು ಆಸ್ಪತ್ರೆಗೆ ಓಡುತ್ತಾರೆ. ಇನ್ನು, ಹಾವಿನ ಮೇಲೆ ಯಾರಾದರೂ ದೊಣ್ಣೆ ಎತ್ತಿದರೆ ಪಕ್ಕದವರು ಕೈ ಹಿಡಿದು, "ಬೆನ್ನು ಹೆಂಗದೆ, ಕಣ್ಣು ಹೆಂಗದೆ, ಹೇಳಿ ಹೊಡಿ" ಅನ್ನುತ್ತಾರೆ. ಅವನು ದೂರ ನಿಂತು ನೋಡಬೇಕು, ನೋಡಿ ಹೇಳಬೇಕು. ಅವನು ಒಂದು ಹೇಳಿದರೆ ಇನ್ನೊಬ್ಬ ಅಲ್ಲ ಅನ್ನುತ್ತಾನೆ. ಅಷ್ಟರಲ್ಲಿ ಹಾವು ಹೋಗಿರುತ್ತೆ. ಹೋಗಲಿ ಅಂತಲೇ ಕೇಳೋದು. ದೊಣ್ಣೆ ಎತ್ತಿದವನಿಗೂ ಅದು ಗೊತ್ತು.