ಹೆಬ್ಬೆರಳು ಗಾತ್ರದ ಹತ್ತರಿ

ಕರಿಗುಂಡದ ಪಾಳೆಯಗಾರ ಹಿರೇಮಲ್ಲ ನಾಯಕನಿಗೆ ಚಿಕ್ಕದು ಯಾವುದೂ ಹಿಡಿಸುತ್ತಿರಲಿಲ್ಲ. ಕೋಟೆಯ ಬಾಗಿಲು ದೊಡ್ಡದು, ತೆಗೆಯಲು ಎಂಟು ಆಳು. ಊಟದ ತಟ್ಟೆ ದೊಡ್ಡದು, ತೊಳೆಯಲು ಇಬ್ಬರು. ಮೀಸೆಯ ಮಾತು ಬೇಡ.

"ನನ್ನ ಕೋಟೆಯಲ್ಲಿ ಕೆಲಸಕ್ಕೆ ಬರುವುದೆಲ್ಲ ದೊಡ್ಡದೇ" ಎನ್ನುತ್ತಿದ್ದ. ಸಭೆ ತಲೆಯಾಡಿಸುತ್ತಿತ್ತು. ಸಂಬಳ ಅದಕ್ಕೇ ಇತ್ತು.

ಒಂದು ದಿನ ಅರಮನೆಯ ಬಡಗಿ ಮಾನಾಚಾರಿ ಒಂದು ಹತ್ತರಿ ತಂದು ತೋರಿಸಿದ. ಮರ ಹೆರೆದು ನುಣುಪು ಮಾಡುವ ಹತ್ತರಿ ಸಾಮಾನ್ಯವಾಗಿ ಮೊಳದುದ್ದ ಇರುತ್ತದೆ. ಇದು ಹೆಬ್ಬೆರಳಿನಷ್ಟಿತ್ತು. ಅಲಗು, ಬೆಣೆ ಎಲ್ಲವೂ ಇತ್ತು. ದಸರಾ ದರ್ಬಾರಿಗೆ ಅವನು ಹೊಸ ಪೀಠ ಮಾಡುತ್ತಿದ್ದ. ಈ ಹತ್ತರಿ ಅದಕ್ಕೆ ಬೇಕು ಎಂದು ಶುರು ಮಾಡಿದ. ನಾಯಕ ಮುಗಿಸಗೊಡಲಿಲ್ಲ.

"ನನ್ನ ಪೀಠಕ್ಕೆ ಇಲಿಮರಿಯ ಹತ್ತರಿಯೇನೋ?"

ಸಭೆ ನಕ್ಕಿತು. ನಗು ಕೇಳಿ ನಾಯಕನಿಗೆ ಹುರುಪು ಬಂತು. ಈ ಆಟಿಕೆ ನನ್ನ ಪೀಠ ಮುಟ್ಟಕೂಡದು ಎಂದ. ದೊಡ್ಡ ಹತ್ತರಿ ಮಾಡಲಾಗದ ಒಂದು ಕೆಲಸವನ್ನು ಇದು ದರ್ಬಾರು ಮುಗಿಯುವುದರೊಳಗೆ ಮಾಡಿ ತೋರಿಸಬೇಕು. ಇಲ್ಲವಾದರೆ ಮಾನಾಚಾರಿಯ ಹತಾರಗಳೆಲ್ಲ ಬಚ್ಚಲೊಲೆಗೆ, ಮಾನಾಚಾರಿ ಕೋಟೆಯ ಆಚೆಗೆ.

ಆ ಹತಾರಗಳು ಅವನ ಅಜ್ಜನ ಕಾಲದವು. 

ನಾಯಕನಿಗೆ ಎಲೆಯಡಿಕೆ ಮಡಿಸಿ ಕೊಡುವವನು ಓಬಣ್ಣ. ಸುಣ್ಣ ಸವರುತ್ತ ಕೇಳಿದ, "ಬುದ್ಧಿ, ಕೆಲಸಕ್ಕೆ ಬಂತೋ ಇಲ್ಲವೋ ತೀರ್ಮಾನ ಮಾಡುವವರು ಯಾರು?"

"ನಾನೇ. 'ಚಿಕ್ಕ ಹತ್ತರಿ ತಾ' ಅಂತ ನನ್ನ ಬಾಯಲ್ಲೇ ಬರಬೇಕು."

"ಸರಿ ಬುದ್ಧಿ" ಎಂದು ಓಬಣ್ಣ ಎಲೆ ಕೊಟ್ಟ.

ಮಾರನೆಯ ದಿನ ಓಬಣ್ಣ ಆ ಚಿಕ್ಕ ಹತ್ತರಿ ಇಸಿದುಕೊಂಡು ತನ್ನ ಎಲೆಯಡಿಕೆ ಪೆಟ್ಟಿಗೆಯ ಮುಚ್ಚಳ ಹೆರೆದು ತೋರಿಸಿದ. ಚಾಕು ಸಾಕು ಎಂದ ನಾಯಕ. ಬುಗುರಿ ತಿದ್ದಿ ತೋರಿಸಿದ. ಬುಗುರಿ ಆಡುವ ವಯಸ್ಸೇ ನನಗೆ, ಎಂದ. ಮುದಿ ಕಾವಲುಗಾರನ ಮರದ ಕಾಲಿನಲ್ಲಿ ಒತ್ತುತ್ತಿದ್ದ ಗಂಟು ತೆಗೆದು ತೋರಿಸಿದ. ಕಾವಲುಗಾರನಿಗೆ ಹಿತವಾಯಿತು. ನಾಯಕ ಆಕಳಿಸಿದ.

ಓಬಣ್ಣ ಬಡಗಿಯ ಕೊಟ್ಟಿಗೆಗೆ ಹೋದ. "ಆಚಾರರೇ, ಇದನ್ನು ನಿಜಕ್ಕೂ ಯಾತಕ್ಕೆ ಮಾಡಿದಿರಿ?"

ಮಾನಾಚಾರಿ ಪೀಠ ತೋರಿಸಿದ. ಕೂರುವ ಜಾಗ ಬೋಗುಣಿಯಂತೆ ಒಳಬಾಗಿತ್ತು. ನಾಯಕನ ಅಳತೆ ಹಾಗಿತ್ತು.

"ದೊಡ್ಡ ಹತ್ತರಿ ಇಟ್ಟರೆ ಎರಡು ತುದಿಯೂ ಅಂಚಿನ ಮೇಲೆ ಕೂರುತ್ತವೆ. ಅಲಗು ತಳ ಮುಟ್ಟುವುದಿಲ್ಲ. ಉಳಿಯಲ್ಲಿ ಕೆತ್ತಿದ್ದೇನೆ. ಸಿಬರು ಹಾಗೇ ನಿಂತಿದೆ. ಹೇಳಲು ಹೋದೆ, ಇಲಿಮರಿ ಅಂದುಬಿಟ್ಟರು."

ಓಬಣ್ಣ ತಳ ತಡವಿದ. ಬೆರಳು ಚೀಪಿಕೊಂಡ. ಸಂತೋಷವಾಗಿ ಮನೆಗೆ ಹೋದ.

ದರ್ಬಾರಿನ ಬೆಳಿಗ್ಗೆ ಪೀಠದ ಮೇಲೆ ಮಖಮಲ್ಲಿನ ದಿಂಬು ಹಾಸಿದ್ದರು. ಓಬಣ್ಣ ಅದನ್ನೇ ನೋಡುತ್ತ ನಿಂತ. ಏನು ಎಂದು ನಾಯಕ ಕೇಳಿದ. ಏನಿಲ್ಲ, ದಿಂಬು ಹಾಸಿದರೆ ಕೆಳಗಿರುವುದು ಹಳೆಯ ಪೀಠ ಅಂದುಕೊಂಡಾರು ಕಾಣಿಕೆ ತರುವ ಗೌಡರು, ಅಷ್ಟೇ, ಎಂದ ಓಬಣ್ಣ.

ದಿಂಬು ಹೋಯಿತು. ನಾಯಕ ತೆಳು ರೇಷ್ಮೆ ಉಟ್ಟು ಬಂದು, ಗೌರವದಿಂದ, ಪೂರ್ತಿ ಭಾರ ಬಿಟ್ಟು ಕೂತ.

ಕರಿಗುಂಡದಲ್ಲಿ ಒಂದು ಕಟ್ಟಳೆ. ಕೊನೆಯ ಗೌಡ ಕಾಣಿಕೆ ಒಪ್ಪಿಸುವ ತನಕ ನಾಯಕ ಪೀಠ ಬಿಟ್ಟು ಏಳಬಾರದು. ಎದ್ದರೆ ಪಾಳೆಯ ಹೋಯಿತು ಎಂದೇ ಲೆಕ್ಕ. ಗೌಡರು ಅರವತ್ತು ಮಂದಿ.

ಮೂರನೆಯ ಗೌಡನ ಹೊತ್ತಿಗೆ ನಾಯಕ ಮಿಸುಕಿದ. ಆರನೆಯವನ ಹೊತ್ತಿಗೆ ಮೀಸೆ ಬೆವರಿತು. ಒಂಬತ್ತನೆಯವನು ತೆಂಗಿನಕಾಯಿ ಒಪ್ಪಿಸುವಾಗ ಎಡಗಡೆ ಎತ್ತಿ ಬಲಗಡೆ ಕೂತ. ಇದು ಹೊಸ ರಾಜಠೀವಿ ಎಂದು ಗೌಡರು ತಿಳಿದರು. ಒಬ್ಬಿಬ್ಬರು ತಾವೂ ಹಾಗೆ ಕೂತು ನೋಡಿದರು.

"ಓಬ, ಚುಚ್ಚುತ್ತಿದೆ" ಎಂದ ನಾಯಕ, ತುಟಿ ಅಲುಗಿಸದೆ.

"ದೊಡ್ಡ ಹತ್ತರಿ ತರಿಸಲೇ, ಬುದ್ಧಿ?"

"ನಾನು ಏಳದೆ ಅದು ಎಲ್ಲಿ ತೂರುತ್ತದೋ?"

"ಅದೂ ನಿಜ. ಇನ್ನು ಐವತ್ತೊಂದು ಮಂದಿ ಇದ್ದಾರೆ. ತಡೆದುಕೊಳ್ಳಿ."

ಹತ್ತನೆಯ ಗೌಡ ದಪ್ಪ ಮನುಷ್ಯ, ನಿಧಾನ. ಅಡ್ಡಬಿದ್ದವನು ಏಳುವುದರೊಳಗೆ ನಾಯಕನ ಕಣ್ಣಲ್ಲಿ ನೀರು ಬಂತು. ನಾಯಕನಿಗೆ ತನ್ನ ಮೇಲೆ ಎಷ್ಟು ಪ್ರೀತಿ ಎಂದು ಗೌಡನೂ ಅತ್ತ.

"ಅದನ್ನು ತಾರೋ" ಎಂದ ನಾಯಕ.

"ಯಾವುದನ್ನು, ಬುದ್ಧಿ?"

"ನಿನಗೆ ಗೊತ್ತು."

"ನನಗೆ ಗೊತ್ತಿದ್ದರೆ ಸಾಲದು. ತಮ್ಮ ಬಾಯಲ್ಲೇ ಬರಬೇಕು ಅಂತ ಅಪ್ಪಣೆಯಾಗಿದೆ."

ನಾಯಕ ಒಮ್ಮೆ ಹಲ್ಲು ಕಡಿದ. ಆಮೇಲೆ ಇಡೀ ದರ್ಬಾರಿಗೆ ಕೇಳುವ ಹಾಗೆ ಕೂಗಿದ, "ಚಿಕ್ಕ ಹತ್ತರಿ ತಾ!"

ಮಾನಾಚಾರಿ ಬಂದು ಪಾದಕ್ಕೆ ಎರಗಿದ. ನಾಯಕ ಎಡಗಡೆ ಎತ್ತಿದ. ಸಂದಿನಲ್ಲಿ ಎರಡು ಬೆರಳು ಹೋಯಿತು, ಬೆರಳ ನಡುವೆ ಹತ್ತರಿ ಹೋಯಿತು. ನಾಲ್ಕು ಸಲ ಸರ್ ಸರ್ ಅಂದಿತು. ಸುರುಳಿ ಸುತ್ತಿದ ಹೊಟ್ಟು ಪೀಠದಿಂದ ಜಾರಿ ಕಾಣಿಕೆ ತಟ್ಟೆಗೆ ಬಿತ್ತು. ನಾಯಕ ಎಡಗಡೆಗೆ ಭಾರ ಬಿಟ್ಟು ಕೂತ. ನಿಟ್ಟುಸಿರು ಬಿಟ್ಟ. ಉಳಿದ ಐವತ್ತು ಗೌಡರನ್ನು ಆರಾಮವಾಗಿ ನೋಡಿಕೊಂಡ.

ದರ್ಬಾರು ಮುಗಿಯಿತು. ಹತಾರಗಳು ಉಳಿದವು. ಕೇಳಿದ್ದು ಕೊಡುತ್ತೇನೆ ಎಂದ ನಾಯಕ. ಪೀಠವನ್ನು ಎರಡು ದಿನ ನನಗೆ ಬಿಡಿ, ಬಲಗಡೆ ಇನ್ನೂ ಬಾಕಿ ಇದೆ, ಎಂದ ಮಾನಾಚಾರಿ.

ನಾಯಕನ ಮುಖ ಗಂಟಿಕ್ಕಿತು. "ಇದನ್ನೆಲ್ಲ ಮೊದಲೇ ಹೇಳಬಾರದಿತ್ತೇ?"

"ತಪ್ಪು ನಮ್ಮದೇ, ಬುದ್ಧಿ" ಎಂದ ಓಬಣ್ಣ. "ಆಚಾರರು ತಮ್ಮ ತಲೆಗೆ ಹೇಳಲು ಹೋದರು. ತಮಗೆ ಅರ್ಥವಾಗುವುದು ಕುಂಡೆಯಿಂದ ಅಂತ ಗೊತ್ತಿರಲಿಲ್ಲ."

ನಾಯಕ ಓಬಣ್ಣನನ್ನು ನೋಡಿದ. ಮೀಸೆ ಮೊದಲು ಅಲುಗಿತು, ಆಮೇಲೆ ಹೊಟ್ಟೆ. ನಕ್ಕು ನಕ್ಕು ಸಾಕಾಗಿ ಕೂರಲು ಹೋದ.

ಕೂರುವ ಮುಂಚೆ ಪೀಠ ತಡವಿ ನೋಡಿದ.