ಹಸಿವನ್ನು ಕೂಲಿಗೆ ಹಚ್ಚಿದ ಹೊನ್ನವ್ವ

ದೀಪದ ಕುಡಿ ಏರಿಸಿ, ಕೈಯಲ್ಲೊಂದು ತಂಬಿಟ್ಟಿನ ಉಂಡೆ ಹಿಡಿದು, ಮನಸ್ಸಿಟ್ಟು ಕೇಳುವವರು ಕೇಳಿರಿ. ಆಕಳಿಸುವವರು ಅಂಗಳಕ್ಕೆ ಹೋಗಿರಿ. ಹಸಿವಿನ ದೇವಿ ತುತ್ತವ್ವನ ವ್ರತದ ಕಥೆಯನ್ನು ಸುತ್ತಲಿನ ಏಳು ಹಳ್ಳಿಗಳಲ್ಲಿ ಏಳು ಬಗೆಯಾಗಿ ಹೇಳುತ್ತಾರೆ. ಆರು ತಪ್ಪು. ಸರಿಯಾದದ್ದು ನಮ್ಮೂರಿನದು.

ಹಿರೇಕೊಪ್ಪರವೆಂಬ ಪೇಟೆಯಲ್ಲಿ ಕರಿಬಸಪ್ಪನೆಂಬ ಗಾಣಿಗನೂ ಅವನ ಹೆಂಡತಿ ಹೊನ್ನವ್ವನೂ ಇದ್ದರು. ಎತ್ತು ಕೊಳ್ಳುವ ಶಕ್ತಿಯಿಲ್ಲದೆ ತಾವೇ ನೊಗಕ್ಕೆ ಹೆಗಲು ಕೊಟ್ಟು, ಗಾಣ ತಿರುಗಿಸಿ, ಕುಸುಬೆ ಎಣ್ಣೆ ತೆಗೆದು ಮಾರಿ, ಬಂದದ್ದರಲ್ಲಿ ಜೋಳದ ನುಚ್ಚು ಕಾಯಿಸಿ ಉಂಡು, ಒಬ್ಬರನ್ನೊಬ್ಬರು ಅಣಕಿಸಿ ನಕ್ಕು, ಬಿದ್ದಲ್ಲೇ ನಿದ್ದೆ ಹೋಗುತ್ತಿದ್ದರು. ಶ್ರಾವಣದ ಪ್ರತಿ ಶುಕ್ರವಾರ ಹೊನ್ನವ್ವ ದೀಪ ಹಚ್ಚುವ ತನಕ ಉಪವಾಸವಿದ್ದು, ತಾನೇ ನವಣೆ ಬೀಸಿ, ಬೆಲ್ಲ ಕಲಸಿ ತಂಬಿಟ್ಟು ಕಟ್ಟಿ, ಮೊದಲ ತುತ್ತನ್ನು ಮಗಳು ನೀಲವ್ವನಿಗೂ ಎರಡನೆಯದನ್ನು ಬಾಗಿಲಿಗೆ ಬಂದ ಹಸಿದವರಿಗೂ ಕೊಟ್ಟು, ಮೂರನೆಯದನ್ನು ತಾನು ತಿನ್ನುತ್ತಿದ್ದಳು. ಹಸಿದವಳ ಕೈಯಿಂದಲೇ ಉಣಿಸಬೇಕು. ತುತ್ತವ್ವನ ವ್ರತಕ್ಕೆ ಅದೊಂದೇ ಕಟ್ಟಳೆ.

ಹೀಗಿರಲಾಗಿ ಅವರ ಎಣ್ಣೆಯ ಹೆಸರು ಅರಮನೆಯ ತನಕ ಮುಟ್ಟಿ, ಒಂದು ಗಾಣ ಏಳಾಗಿ, ಗುಡಿಸಲು ಮಹಡಿಯಾಗಿ, ಹೊನ್ನವ್ವನ ಕೈತುಂಬ ಚಿನ್ನದ ಬಳೆಗಳಾದವು. ಮುಂದಿನ ಶ್ರಾವಣ ಬರಲು, ಬಳೆ ತೊಟ್ಟ ಕೈಗೆ ಬೀಸುವ ಕಲ್ಲು ಭಾರವಾಯಿತು. ಹೊಟ್ಟೆಗೆ ಉಪವಾಸವೂ ಭಾರವಾಯಿತು. ಆಗ ಅವಳು ಮುಸುರೆ ತಿಕ್ಕುವ ಸಂಕವ್ವನನ್ನು ಕರೆದು, ಬೆಳ್ಳಿ ನಾಣ್ಯ ಕೊಟ್ಟು, ತನ್ನ ಪರವಾಗಿ ವ್ರತ ಹಿಡಿಯೆಂದಳು.

"ಅವ್ವಾರ, ಹಸಿಯೋದು ನನ್ನ ಹೊಟ್ಟಿ. ಪುಣ್ಯ ನಿಮಗ ಹ್ಯಾಂಗ ಮುಟ್ಟತೈತ್ರಿ?"

"ರೊಕ್ಕ ಕೊಟ್ಟಮ್ಯಾಲ ಆ ಹಸಿವೂ ನಂದ. ನಿನಗ್ಯಾಕ ಆ ಉಸಾಬರಿ?"

ಕರಿಬಸಪ್ಪ ಮೀಸೆ ತಿರುವಿ, "ನಮ್ಮಾಕಿ ದೇವರಿಗೂ ಆಳು ಹಚ್ಯಾಳ ನೋಡ್ರಿ" ಎಂದು ಕಟ್ಟೆಯ ಮೇಲೆ ಕೂತು ಹೇಳಿಕೊಂಡು ನಕ್ಕ. ಅದೇ ಅವನ ಕೊನೆಯ ನಗು.

ಸಂಕವ್ವ ತನ್ನ ಗುಡಿಸಲಲ್ಲಿ ಭಕ್ತಿಯಿಂದ ಉಪವಾಸವಿದ್ದು, ತನ್ನ ಮಕ್ಕಳಿಗೆ ತುತ್ತಿಟ್ಟಳು. ತುತ್ತವ್ವ ಅಲ್ಲಿಯೇ ಕೂತಳು. ಮಹಡಿಮನೆಯಿಂದ ಹಸಿವು ಎದ್ದು ಹೊರಟುಹೋಯಿತು. ಅನ್ನ ಮರಳಾಯಿತು, ತುಪ್ಪ ನೀರಾಯಿತು. ಹಸಿವಿನ ಹಿಂದೆ ನಿದ್ದೆಯೂ ಹೋಯಿತು, ನಿದ್ದೆಯ ಹಿಂದೆ ಮಾತೂ ಹೋಯಿತು. ಗಂಡ ಹೆಂಡತಿ ಬೆಳ್ಳಿ ತಟ್ಟೆಗಳ ಮುಂದೆ ಕೂತು, ಒಬ್ಬರ ಮುಖ ಒಬ್ಬರು ನೋಡದೆ ಏಳುವರು. ವೈದ್ಯರು ಬಂದರು, ಬಂಗಾರದ ಭಸ್ಮ ತೇದರು, ದಕ್ಷಿಣೆ ಕಟ್ಟಿಕೊಂಡು ಹೋದರು. ಮೂರನೆಯ ಶುಕ್ರವಾರ ಕರಿಬಸಪ್ಪ ಕಲಸಿದ ಅನ್ನದಲ್ಲಿ ಕೈಯಿಟ್ಟುಕೊಂಡೇ ಪ್ರಾಣ ಬಿಟ್ಟ. ಏಳು ಗಾಣದ ಒಡೆಯ ಉಪವಾಸ ಸತ್ತನೆಂದು ಪೇಟೆಯೆಲ್ಲ ಗುಸುಗುಸು ಆಯಿತು.

ಅವನ ಸಮಾಧಿಯ ಮಣ್ಣು ಆರುವುದರೊಳಗೆ ನೀಲವ್ವನೂ ಹಾಸಿಗೆ ಹಿಡಿದು ಬಾಯಿ ಬಿಗಿದಳು. ಹೊನ್ನವ್ವ ಬಳೆಗಳನ್ನೆಲ್ಲ ಸೆರಗಿನಲ್ಲಿ ಕಟ್ಟಿಕೊಂಡು ಸಂಕವ್ವನ ಗುಡಿಸಲಿಗೆ ಓಡಲು, ಅಲ್ಲಿ ಮಕ್ಕಳು ತಳದ ಗಂಜಿಗೆ ಕಿತ್ತಾಡಿ ನಗುತ್ತಿದ್ದವು.

"ಸಂಕವ್ವಾ, ಇವನ್ನೆಲ್ಲಾ ತಗೋ. ನನ್ನ ಮಗಳ ಹಸಿವು ತಿರುಗಿ ಕೊಡು."

"ಅದನ್ನ ನಾ ಇಟಗೊಂಡಿಲ್ಲವ್ವಾ, ಕೊಡಾಕ. ಅಗೋ ಅಲ್ಲಿ ಬೀಸೋ ಕಲ್ಲೈತಿ. ನಾಳೆ ಶುಕ್ರವಾರ. ಬೀಸು."

ಮರುದಿನ ಹೊನ್ನವ್ವ ನೀರೂ ಮುಟ್ಟದೆ, ಬರಿಗೈಯಲ್ಲಿ ಆ ಕಲ್ಲು ತಿರುವಿ, ಅಂಗೈ ಬೊಬ್ಬೆ ಎದ್ದು ಒಡೆದರೂ ಬಿಡದೆ ಹಿಟ್ಟು ಮಾಡಿ, ತಂಬಿಟ್ಟು ಕಟ್ಟಿ, ಮನೆಗೆ ಬಂದು ದೀಪ ಹಚ್ಚಿ, ಮೊದಲ ತುತ್ತನ್ನು ಮಗಳ ತುಟಿಗೆ ಹಿಡಿದಳು. ಮಗು ಬಾಯಿ ತೆರೆಯಲಿಲ್ಲ. ತಾಯಿ ಕೈ ಇಳಿಸಲಿಲ್ಲ. ದೀಪದ ಎಣ್ಣೆ ತೀರುತ್ತ ಬಂತು. ಆಗ ಎಷ್ಟೋ ದಿನದಿಂದ ಕಲ್ಲಾಗಿದ್ದ ಹೊನ್ನವ್ವನ ಹೊಟ್ಟೆ ಗುರುಗುಟ್ಟಿತು.

ನೀಲವ್ವ ಕಣ್ಣು ಬಿಟ್ಟಳು. "ಅವ್ವಾ, ನಿನ್ನ ಹೊಟ್ಯಾಗ ಬೆಕ್ಕು ಹೊಕ್ಕೈತಿ" ಎಂದಳು. ಅನ್ನುವಾಗ ಬಾಯಿ ತೆರೆಯಿತು. ತುತ್ತು ಒಳಗೆ ಹೋಯಿತು.

ಎರಡನೆಯ ತುತ್ತಿಗೆ ಬಾಗಿಲಲ್ಲಿ ಒಬ್ಬ ಮುದುಕಿ ನಿಂತಿದ್ದಳು. ಅವಳು ಯಾರೆಂದು ನಾನು ಹೇಳಬೇಕಿಲ್ಲ.

ಕರಿಬಸಪ್ಪನೂ ಎದ್ದು ಬಂದನೆಂದು ಪಕ್ಕದ ಊರವರು ಹೇಳುತ್ತಾರೆ. ಸುಳ್ಳು. ತುತ್ತವ್ವ ಸತ್ತವರನ್ನು ಎಬ್ಬಿಸುವವಳಲ್ಲ, ಇದ್ದವರ ಹಸಿವನ್ನು ಎಬ್ಬಿಸುವವಳು. ಹೊನ್ನವ್ವ ಬದುಕಿರುವ ತನಕ ಗಂಡನ ತಟ್ಟೆಯನ್ನು ತೊಳೆದು ಅವನ ಜಾಗದಲ್ಲಿ ಬೋರಲು ಹಾಕಿ, ಆಮೇಲೆ ತಾನು ಉಣ್ಣುತ್ತಿದ್ದಳು. ಗಾಣಗಳು ಏಳೂ ತಿರುಗಿದವು. ಬೀಸುವ ಕಲ್ಲನ್ನು ಮಾತ್ರ ಅವಳು ಮತ್ತೊಬ್ಬರಿಗೆ ಬಿಡಲಿಲ್ಲ.

ಈ ಕಥೆಯನ್ನು ಹಸಿದು ಹೇಳಿದವರಿಗೂ ಹಸಿದು ಕೇಳಿದವರಿಗೂ ಉಂಡದ್ದು ರುಚಿಸಲಿ, ಮಲಗಿದರೆ ನಿದ್ದೆ ಬರಲಿ, ಮನೆಯಲ್ಲಿ ನಗು ಇರಲಿ. ರೊಕ್ಕ ಕೊಟ್ಟು ಹೇಳಿಸಿದವರಿಗೆ ರೊಕ್ಕ ಹೋದದ್ದೇ ಫಲ. ಈಗ ಕೈಯಲ್ಲಿದ್ದುದನ್ನು ಪಕ್ಕದವರ ಬಾಯಿಗಿಡಿರಿ, ನಿಮ್ಮದು ಆಮೇಲೆ.