ಮುಂದಿನ ಸೀಟಿನ ಕೆಂಪು ರುಮಾಲು

“ಗುರುಗಳೇ, ಜೊತೆಗೆ ಬರುತ್ತೇನೆಂದು ಮಾತು ಕೊಟ್ಟು ಬಾರದೆ ಹೋದ ಗೆಳೆಯನನ್ನು ಏನು ಮಾಡಬೇಕು?” ಎಂದು ಶಿಷ್ಯ ಕರಿಬಸವ ಕೇಳಿದ.

ಗುರುಗಳು ಹೇಳಿದರು:

ಇದಕ್ಕೆ ಉತ್ತರ ಬಲ್ಲವನು ಈ ಸೀಮೆಯಲ್ಲಿ ನಾನೊಬ್ಬನೇ. ಸರಿಯಾದ ಕಡೆಗೇ ಬಂದಿದ್ದೀಯ, ಕೂತುಕೋ.

ಒಂದು ದೇಶಕ್ಕೆ ಆಗಷ್ಟೇ ಸ್ವಾತಂತ್ರ್ಯ ಬಂದಿತ್ತು. ಬಾವುಟ ಹೊಸದು, ಉಳಿದದ್ದೆಲ್ಲ ಹಳೆಯದು. ಹೊಲಿಯುವ ಸೂಜಿಯೂ ಹಡಗಿನಲ್ಲೇ ಬರಬೇಕು. ಅಂಥ ಕಡೆ ಒಬ್ಬ ವಿಮಾನ ಕಟ್ಟಲು ಹೊರಟ. ಜನ ನಕ್ಕರು. ನಗದೆ ಉಳಿದವನು ಅವನ ಬಾಲ್ಯದ ಗೆಳೆಯ ಮಾತ್ರ. “ನೀನು ಕಟ್ಟೋ, ಮೊದಲು ಹತ್ತುವವನು ನಾನು” ಎಂದ. ಆ ಒಂದು ಮಾತಿಗಾಗಿ ಅವನು ಎರಡು ಸೀಟಿನ ವಿಮಾನ ಕಟ್ಟಿದ. ಮುಂದಿನ ಸೀಟು ಗೆಳೆಯನಿಗೆ, ಹಿಂದಿನದು ತನಗೆ.

ಎಂಜಿನ್ನು ಮೊದಲ ಸಲ ಗುಡುಗಿದಾಗ ಏಳೂರಿನ ಹುಂಜಗಳು ಬೆಳಗಾಯಿತೆಂದು ನಡುಮಧ್ಯಾಹ್ನ ಕೂಗಿದವು. ನಗಬೇಡ. ನನ್ನ ಕತೆಯಲ್ಲಿ ಸುಳ್ಳು ಹಿಡಿಯುವವನು ಇನ್ನೂ ಹುಟ್ಟಿಲ್ಲ.

ಹಾರುವ ದಿನ ಊರೆಲ್ಲ ಗೋಮಾಳದ ಆಚೆ ಅಂಚಿನಲ್ಲಿ ನಿಂತಿತು. ಹತ್ತಿರ ಬರಲು ಯಾರಿಗೂ ಧೈರ್ಯವಿಲ್ಲ. ಗೆಳೆಯ ಕೆಂಪು ರುಮಾಲು ಸುತ್ತಿಕೊಂಡು ಈಚೆ ಅಂಚಿನಲ್ಲಿದ್ದ ವಿಮಾನದ ಶೆಡ್ಡಿಗೆ ಬಂದ. ವಿಮಾನವನ್ನು ಮುಟ್ಟಿ ನೋಡಿದ. ಎರಡು ಹೆಜ್ಜೆ ಹಿಂದೆ ಸರಿದ.

“ಇವತ್ತು ಅಮಾವಾಸ್ಯೆ ಕಣೋ.”

“ಅಮಾವಾಸ್ಯೆ ಹೋಗಿ ವಾರವಾಯ್ತಲ್ಲೋ!”

ಗೆಳೆಯ ರುಮಾಲು ಬಿಚ್ಚಿ ಅವನ ಕೈಗಿಟ್ಟು, ಹೋಗಿ ಮೂಲೆಯಲ್ಲಿ ಕುಳಿತ.

ಮುಂದಿನ ಸೀಟು ಖಾಲಿಯಿದ್ದರೆ ಆ ವಿಮಾನದ ಮೂತಿ ಮೇಲಕ್ಕೆದ್ದು ಅದು ಬಿದ್ದೇ ಹೋಗುತ್ತಿತ್ತು. ಗೆಳೆಯನ ತೂಕವನ್ನು ಲೆಕ್ಕಕ್ಕೆ ಹಿಡಿದೇ ಕಟ್ಟಿದ್ದು ಅದು. ಅವನು ಗೋಣಿಚೀಲಕ್ಕೆ ಅಷ್ಟೇ ತೂಕದ ಮರಳು ತುಂಬಿ, ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟು ಬಿಗಿದ. ಚೀಲದ ತಲೆಗೆ ಆ ರುಮಾಲು ಸುತ್ತಿದ.

ವಿಮಾನ ಎದ್ದಿತು. ಗರುಡಗಳು ಸರಿದು ದಾರಿ ಬಿಟ್ಟವು. ಮೋಡ ತಾಗಿ ಅವನ ಮೀಸೆ ಒದ್ದೆಯಾಯಿತು. ಕೆಳಗೆ ಊರು ಅಂಗೈಯಷ್ಟಾಯಿತು. “ಅಲ್ಲಿ ನೋಡೋ, ನಿಮ್ಮನೆ!” ಎಂದು ಅವನು ಕೂಗಿದ. ರುಮಾಲು ತಿರುಗಲಿಲ್ಲ. ಆದರೂ ಇಳಿಯುವವರೆಗೆ ಅವನು ಕೂಗುತ್ತಲೇ ಇದ್ದ. ಅಗೋ ಕೆರೆ, ಅಗೋ ನಾವು ಈಜು ಕಲಿತ ಬಾವಿ ಎಂದು.

ವಿಮಾನ ಶೆಡ್ಡಿನ ಮುಂದೆ ಬಂದು ನಿಂತಿತು. ಗೆಳೆಯ ಓಡಿಬಂದು ರೆಕ್ಕೆ ಹಿಡಿದುಕೊಂಡ. ವಿಮಾನ ಕಟ್ಟಿದವನು ಇಳಿದು, ಚೀಲದಿಂದ ರುಮಾಲು ಬಿಚ್ಚಿ ಹಿಂದಕ್ಕೆ ಕೊಟ್ಟ. ಗೆಳೆಯ ಅಭ್ಯಾಸಬಲದಿಂದ ಅದನ್ನು ತಲೆಗೆ ಸುತ್ತಿಕೊಂಡ. ಅಷ್ಟರಲ್ಲಿ ಜನ ಬಂದರು. ಹಾರುವಾಗ ದೂರದಿಂದ ಅವರಿಗೆ ಕಂಡದ್ದು ಎರಡು ತಲೆ, ಒಂದು ಕೆಂಪು ರುಮಾಲು. ಸೀಟಿನಲ್ಲಿ ಏನಿದೆಯೆಂದು ಯಾರೂ ಇಣುಕಲಿಲ್ಲ. ಇಬ್ಬರನ್ನೂ ಹೆಗಲ ಮೇಲೆ ಎತ್ತಿಕೊಂಡರು.

“ಇವನು ಮೇಲೆ ಹೆದರಲಿಲ್ವೇನಪ್ಪಾ?” ಎಂದು ಒಬ್ಬ ಮುದುಕ ಕೇಳಿದ.

ಗೆಳೆಯ ತಲೆ ತಗ್ಗಿಸಿದ. ವಿಮಾನ ಕಟ್ಟಿದವನು ಹೇಳಿದ:

“ಇಲ್ಲ ತಾತ. ಅಲ್ಲಾಡದೆ ಕೂತಿದ್ದ.”

ಆ ದೇಶದಲ್ಲಿ ಇವತ್ತಿಗೂ ಮೊದಲು ಹಾರಿದವರು ಇಬ್ಬರೆಂದೇ ಹೇಳುತ್ತಾರೆ.

ಕರಿಬಸವನಿಗೆ ಸಮಾಧಾನವಾಗಲಿಲ್ಲ. “ಅಂಥ ಪುಕ್ಕಲನ ಮಾನ ಉಳಿಸಲು ಅವನು ಸುಳ್ಳು ಹೇಳಬೇಕಿತ್ತೇ, ಗುರುಗಳೇ?” ಎಂದ.

ಗುರುಗಳು ಹೇಳಿದರು: “ನಿಜ ಹೇಳಿದ್ದರೆ, ಅಷ್ಟು ಎತ್ತರದಲ್ಲಿ ತಾನು ಒಬ್ಬನೇ ಇದ್ದೆನೆಂದು ಅವನೂ ಒಪ್ಪಬೇಕಾಗುತ್ತಿತ್ತಲ್ಲಪ್ಪಾ.”